ಮಾಸ್ಕಿನೊಳಗಿನ ತೇವ

ಗೊರಕೆಯ ನಡುವೆ ನನ್ನ ಉಸಿರು ನಿಲ್ಲುತ್ತದೆಂದು ಡಾಕ್ಟರು ಮಲಗುವಾಗ ಮೂಗಿಗೆ ಮಾಸ್ಕು ಹಾಕಿಕೊಳ್ಳುವ ಗಾಳಿ ಮಷೀನು ಕೊಡಿಸಿದ್ದರು. ಗೊರಕೆ ನಿಂತಿತು. ಆದರೆ ದಿನಾ ಸಂಜೆ ನಾವಿಬ್ಬರೂ ಕೆಲಸದಿಂದ ಬಂದು ನೋಡಿದರೆ ಮಾಸ್ಕಿನೊಳಗೆ ತೇವ, ದಿಂಬು ಬೆಚ್ಚಗೆ.

“ಹಗಲು ಮನೆಗೆ ಯಾರು ಬರ್ತಾರೆ?” ಎಂದು ಹೆಂಡತಿಯ ಮೇಲೆ ರೇಗಿದೆ.

“ಇರೋದು ಒಂದೇ ಬೀಗದ ಕೈ, ಅದೂ ನಿಮ್ಮ ಜೇಬಲ್ಲಿ. ಕದ್ದು ಬಂದು ಮಲಗೋರು ನೀವೇ!”

ಮಷೀನನ್ನು ರಿಪೇರಿಯವನಿಗೆ ತೋರಿಸಿದೆ. ಅದರಲ್ಲಿ ದಾಖಲಾಗಿದ್ದ ಲೆಕ್ಕ ನೋಡಿ, “ರಾತ್ರಿ ಏಳು ಗಂಟೆ, ಹಗಲು ಆರು ಗಂಟೆ ಹಾಕ್ಕೊಂಡಿದೀರಲ್ಲ ಸಾರ್,” ಎಂದ. ಅದನ್ನು ಅವನ ಅಂಗಡಿಯಲ್ಲೇ ಬಿಟ್ಟು ಕೆಲಸಕ್ಕೆ ಹೋದೆ.

ಸಂಜೆ ಹೆಂಡತಿಯ ಜೊತೆಗೇ ಬಂದೆ. ಹಾಕಿದ ಬೀಗ ಹಾಗೇ ಇತ್ತು. ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದರು.

ಅವಳು ನನ್ನ ತೋಳು ಹಿಡಿದಳು. “ರೀ, ಇದು ನಿಮ್ಮದೇ ಗೊರಕೆ.”

ಅಷ್ಟರಲ್ಲಿ ಅದು ನಡುವೆಯೇ ನಿಂತಿತು. ಕಾದೆವು. ಮತ್ತೆ ಶುರುವಾಗಲಿಲ್ಲ.