ಒಂದೇ ಗೆರೆ ತೋರಿಸಿದ ರಕ್ತ

ಧರ್ಮೇಶ್ ಅವರ ಹಂದಿ ಶೆಡ್ಡಿನ ಬಾಗಿಲು ತೆಗೆದೆ. ಹನ್ನೊಂದು ಹಂದಿಗಳು ಸತ್ತು ಬಿದ್ದಿದ್ದವು. ಕಿವಿಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಇವಕ್ಕೆ ಆಫ್ರಿಕನ್ ಹಂದಿಜ್ವರ ಇಲ್ಲವೆಂದು ಆರು ದಿನದ ಹಿಂದಷ್ಟೇ ಪರೀಕ್ಷೆ ಹೇಳಿತ್ತು.

"ನನ್ನ ಪ್ರತಿಕಾಯವೇ ಸುಳ್ಳು ಹೇಳಿತಾ ಡಾಕ್ಟ್ರೇ?" ದಿವ್ಯಾ ಕೇಳಿದಳು. ಆ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳನ್ನು ಮೂಡಿಗೆರೆಯ ಲ್ಯಾಬಿನಲ್ಲಿ ನಾಲ್ಕು ವರ್ಷ ದುಡಿದು ತಯಾರಿಸಿ, ಪರೀಕ್ಷೆಯ ಸ್ಟ್ರಿಪ್ ಮಾಡಿದವಳು ಅವಳೇ. ಒಂದು ಗೆರೆ ಬಂದರೆ ರೋಗವಿಲ್ಲ, ಎರಡು ಬಂದರೆ ಇದೆ.

ಅವಳು ಕೇಳಿದ್ದು ಗೋಣಿಬೀಡಿನ ನಿವೃತ್ತ ಪಶುವೈದ್ಯೆ ಶಾಂತಕುಮಾರಿಯವರನ್ನು. ಊರಲ್ಲಿ ಏನೇ ಗೋಜಲಾದರೂ ಜನ ಬರುತ್ತಿದ್ದದ್ದು ಅವರ ಬಳಿಗೇ. ನಾನು ರಂಗನಾಥ, ಇಪ್ಪತ್ತು ವರ್ಷ ಅವರ ಕಾಂಪೌಂಡರ್ ಆಗಿದ್ದವನು.

ಡಾಕ್ಟ್ರು ಸತ್ತ ಹಂದಿಯ ರಕ್ತವನ್ನು ಹೊಸ ಸ್ಟ್ರಿಪ್ಪಿಗೆ ಹಾಕಿದರು. ಎರಡು ಗೆರೆ!

"ಪ್ರತಿಕಾಯ ಸರಿಯಾಗೇ ಇದೆ. ಅವತ್ತು ನೀನು ರಕ್ತ ತೆಗೆದ ಮೇಲೆ ಟ್ಯೂಬುಗಳ ಪೆಟ್ಟಿಗೆ ಎಲ್ಲಿತ್ತು?"

"ಜಗಲಿಯಲ್ಲಿ. ಧರ್ಮೇಶ್ ಅವ್ರು ಒಳಗೆ ಕೂರಿಸಿ ಕಾಫಿ ಕೊಟ್ರು. ಹತ್ತು ನಿಮಿಷ ಇಬ್ಬರೂ ಒಳಗೇ ಇದ್ವಿ."

ಧರ್ಮೇಶ್ ಸಿಟ್ಟಾದರು. "ಶಬರಿಮಲೆ ಮಾಲೆ ಹಾಕಿ ತಿಂಗಳಾಯ್ತು. ಮನೇಲಿ ಒಂದು ಮೊಟ್ಟೆ ಕೂಡ ಒಡೆದಿಲ್ಲ. ನಾನು ಮೋಸ ಮಾಡ್ತೀನಾ?"

ದಿನವಿಡೀ ಶೆಡ್ಡಿನಲ್ಲೇ ಇದ್ದು ಧರ್ಮೇಶ್ ಅವರ ಹಂದಿಗಳನ್ನು ನೋಡಿಕೊಳ್ಳುವ ಗಿಡ್ಡಮ್ಮ ಮೂಲೆಯಲ್ಲಿ ಬಿಕ್ಕುತ್ತಿದ್ದಳು. "ರಕ್ತ ತೆಗೆದ ದಿನವೇ ಇವುಗಳಿಗೋಸ್ಕರ ದೈವಕ್ಕೆ ಕೋಳಿ ಕೊಯ್ದಿದ್ದೆ ಅಮ್ಮ. ಆದ್ರೂ ಉಳೀಲಿಲ್ಲ."

ಲ್ಯಾಬಿನ ಫ್ರಿಜ್ಜಿನಲ್ಲಿ ಅವತ್ತಿನ ರಕ್ತ ಸ್ವಲ್ಪ ಉಳಿದಿತ್ತು. ಡಾಕ್ಟ್ರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ನನಗೂ ತೋರಿಸಿದರು. ಮಧ್ಯಾಹ್ನ ವಾಪಸು ಬಂದು ಎಲ್ಲರನ್ನೂ ಧರ್ಮೇಶ್ ಅವರ ಜಗಲಿಯಲ್ಲಿ ಕೂರಿಸಿ ನನ್ನ ಕಡೆ ತಿರುಗಿದರು.

"ನೀನು ನೋಡಿದ್ದನ್ನು ಹೇಳು ಮಾರಾಯ."

"ರಕ್ತಕಣಗಳೆಲ್ಲ ಮೊಟ್ಟೆಯಾಕಾರ. ಒಂದೊಂದರ ನಡುವೆಯೂ ಕಪ್ಪು ಚುಕ್ಕೆ."

"ಹಂದಿಯ ಕೆಂಪು ರಕ್ತಕಣ ದುಂಡಗಿರುತ್ತೆ, ನಡುವೆ ಚುಕ್ಕೆ ಇರಲ್ಲ. ಇದು ಕೋಳಿಯ ರಕ್ತ. ಪೆಟ್ಟಿಗೆ ಜಗಲಿಯಲ್ಲಿದ್ದಾಗ ದಿವ್ಯಾ, ಧರ್ಮೇಶ್ ಇಬ್ಬರೂ ಒಳಗಿದ್ರು. ಈ ಮನೇಲಿ ತಿಂಗಳಿಂದ ಕೋಳಿ ಕೊಯ್ದಿಲ್ಲ. ಹೊರಗಿದ್ದದ್ದು, ಅವತ್ತು ಕೋಳಿ ಕೊಯ್ದದ್ದು ಒಬ್ಬಳೇ."

ಗಿಡ್ಡಮ್ಮ ಕೈ ಮುಗಿದಳು. "ಒಂದು ಹಂದಿ ಮೇವು ಬಿಟ್ಟಿತ್ತಮ್ಮ. ಜ್ವರ ಇದೆ ಅಂತ ಗೊತ್ತಾದ್ರೆ ಎಲ್ಲಾ ಹಂದಿಗಳನ್ನೂ ಕೊಲ್ತಾರೆ ಅಂದ್ರು. ನನ್ನ ಕೈಮೇಲೇ ಹುಟ್ಟಿದವು… ಟ್ಯೂಬಿನ ರಕ್ತ ಚೆಲ್ಲಿ ಕೋಳಿ ರಕ್ತ ತುಂಬಿಬಿಟ್ಟೆ."

ಧರ್ಮೇಶ್ ಎದ್ದು ನಿಂತರು. "ರೋಗ ಇಲ್ಲ ಅಂತ ನಂಬಿ ನಾನು ಆರು ಮರಿಗಳನ್ನ ಕಳಸದಲ್ಲಿ ಹಂದಿ ಸಾಕೋ ಒಂದು ಮನೆಗೆ ಮಾರಿದೆನಲ್ಲ!"

ಅಲ್ಲೇ ಫೋನ್ ಮಾಡಿದರು. ಕೇಳಿಸಿಕೊಂಡು ಬೆಂಚಿನ ಮೇಲೆ ಕುಕ್ಕರಿಸಿದರು. "ಮರಿಗಳು ನಿನ್ನೆಯಿಂದ ಮೇವು ಮುಟ್ಟಿಲ್ವಂತೆ. ಅಲ್ಲಿ ನಲವತ್ತು ಹಂದಿಗಳಿವೆ."

ದಿವ್ಯಾ ಆಗಲೇ ಸ್ಟ್ರಿಪ್ಪುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಗಿಡ್ಡಮ್ಮ ಕಂಬ ಹಿಡಿದು ಎದ್ದಳು. "ನನ್ನನ್ನೂ ಕರ್ಕೊಂಡು ಹೋಗಿ. ಆ ಮನೆಯವ್ರಿಗೆ ನಾನೇ ಹೇಳ್ಬೇಕು."

ಡಾಕ್ಟ್ರು ಸೋಪು ತಂದು ಅವಳ ಕೈಗಿಟ್ಟರು. "ಸೋಪು ಹಾಕಿ ಕೈಕಾಲು ತೊಳ್ಕೊ, ಬಟ್ಟೆ ಬದಲಾಯಿಸು. ಆಮೇಲೆ ಜೀಪು ಹತ್ತು."