ಟಪಾಲಿನ ಲಾರಿ

ಟಾರ್ಪಾಲಿನ ಅಳತೆ ತೆಗೆಯಲು ಬಂದ ಹೊಲಿಗೆಯ ನೆಲಿದಾಗೆ ಮೊದಲು ಕಂಡದ್ದು ಮಿಲಿಟರಿ ಲಾರಿಯಡಿಯಿಂದ ಚಾಚಿದ್ದ ಎರಡು ಬೂಟುಗಳು.

“ರೀ, ಬದುಕಿದ್ದೀರಾ?”

“ಅರ್ಧ,” ಎಂದಿತು ಲಾರಿಯ ಹೊಟ್ಟೆ.

ಆಮೇಲೆ ಫೆರ್ಮಿನ್ ತೆವಳಿಕೊಂಡು ಈಚೆ ಬಂದ. ಮೂಗಿನ ಮೇಲೆ ಗ್ರೀಸು. ಬ್ರಿಟಿಷರ ಜೊತೆ ನಡೆದ ಮಾಲ್ವಿನಾಸ್ ದ್ವೀಪಗಳ ಯುದ್ಧದಿಂದ ಮರಳಿದವರ ಸಂಘ ಹರಾಜಿನಲ್ಲಿ ಹಿಡಿದಿದ್ದ ಆ ಗುಜರಿಯನ್ನು ಆ ಯುದ್ಧದ ನೆನಪಿನ ಏಪ್ರಿಲ್ ಎರಡರ ಮೆರವಣಿಗೆಗೆ ಓಡುವಂತೆ ಮಾಡುವುದು ಅವನ ಕೆಲಸ. ಅವನು ಟ್ರೆಲೇವ್ ಊರಿಗೆ ಬಂದು ವರ್ಷವೂ ಆಗಿರಲಿಲ್ಲ.

ನೆಲಿದಾ ಒಂದೇ ಸಲಕ್ಕೆ ಮುಗಿಯುವ ಅಳತೆಗೆ ನಾಲ್ಕು ಸಲ ಬಂದಳು.

“ಲಾರಿ ಏನಾದ್ರೂ ಬೆಳೀತಾ ಇದೆಯಾ?” ಫೆರ್ಮಿನ್ ಸ್ಪ್ಯಾನರ್ ತಿರುಗಿಸುತ್ತಲೇ ಕೇಳಿದ.

“ಈ ಊರಿನ ಗಾಳಿಗೆ ಬಟ್ಟೆ ಕುಗ್ಗುತ್ತೆ. ಹೊಸಬರಿಗೆ ಗೊತ್ತಾಗಲ್ಲ.”

ಅವನು ತಲೆಯೆತ್ತಲಿಲ್ಲ. ಆದರೆ ಅವನ ಕಿವಿ ಕೆಂಪಗಾದದ್ದನ್ನು ಅವಳು ನೋಡಿಬಿಟ್ಟಳು. ನೋಡಿದ ಕೂಡಲೇ ಒಳಗೆಲ್ಲೋ ಭಯವೂ ಆಯಿತು. ಊರಿಗೆಲ್ಲ ಅವಳು ಅನ್ಸೆಲ್ಮೊನ ಹುಡುಗಿ. ಹತ್ತೊಂಬತ್ತಕ್ಕೇ ಆ ಯುದ್ಧದಲ್ಲಿ ಸತ್ತವನಿಗಾಗಿ ಇಪ್ಪತ್ತೆರಡು ವರ್ಷ ಮದುವೆಯಾಗದೆ ಉಳಿದವಳು. ಅನ್ಸೆಲ್ಮೊನ ತಾಯಿ ಪ್ರತಿ ಭಾನುವಾರ ಅವಳನ್ನು ಸೊಸೆಯೆಂದೇ ಊಟಕ್ಕೆ ಕೂರಿಸುತ್ತಿದ್ದಳು.

ಮಾರ್ಚ್ ಕೊನೆಯಲ್ಲಿ ಎಂಜಿನ್ ಮೊದಲ ಸಲ ಕೆಮ್ಮಿ, ನಡುಗಿ, ಹೊತ್ತಿಕೊಂಡಿತು. ನೆಲಿದಾಳ ಕೈಯಿಂದ ಅಳತೆಯ ಟೇಪು ಜಾರಿತು. ಯುದ್ಧಕ್ಕೆ ಹುಡುಗರನ್ನು ತುಂಬಿಕೊಂಡು ಹೋದ ಲಾರಿಗಳದ್ದೂ ಇದೇ ಸದ್ದು. ಹೊಗೆಯ ನಡುವೆ, ಹಿಂಬದಿಯ ಹಲಗೆಗೆ ಒರಗಿ ಅನ್ಸೆಲ್ಮೊ ನಿಂತಿದ್ದ. ಅದೇ ದೊಗಲೆ ಕೋಟು. ಕೈ ಬೀಸಲಿಲ್ಲ, ಅವಳನ್ನೇ ನೋಡುತ್ತಿದ್ದ.

“ಆಫ್ ಮಾಡಿ,” ಎಂದಳು. “ದಮ್ಮಯ್ಯ.”

ಫೆರ್ಮಿನ್ ಎಂಜಿನ್ ಆರಿಸಿ, ಕೆಳಗಿಳಿದು ಹತ್ತಿರ ಬಂದ. “ಯಾರು ಕಂಡ್ರು?” ಎಂದು ಮೆಲ್ಲಗೆ ಕೇಳಿದ. ಅಂಥದ್ದನ್ನು ಕಂಡು ಗೊತ್ತಿದ್ದವನ ದನಿ ಅದು. ಯಾರಿಗೂ ಹೇಳದ್ದನ್ನು ಅವಳು ಅವನಿಗೆ ಹೇಳಿದಳು.

“ಅವನಿಗೋಸ್ಕರ ಕಾದವಳಲ್ಲ ನಾನು. ಮೇ ಕೊನೆಯಲ್ಲಿ ಕಾಗದ ಬರೆದೆ, ಮದುವೆ ಬೇಡ ಅಂತ. ಜೂನಲ್ಲಿ ಅವನು ಹೋದ ಸುದ್ದಿ ಬಂತು. ನನ್ನ ಕಾಗದ ಓದಿಯೇ ಗುಂಡಿಗೆ ಎದೆ ಕೊಟ್ಟನೋ ಏನೋ. ಇಷ್ಟು ವರ್ಷದಿಂದ ಕಣ್ಣೆದುರು ಬಂದು, ಯಾಕೆ ಹಾಗೆ ಬರೆದೆ ಅಂತ ಕೇಳ್ತಾ ನಿಲ್ತಾನೆ.”

ಫೆರ್ಮಿನ್ ಅವಳ ಟೇಪನ್ನು ನೆಲದಿಂದ ಎತ್ತಿಕೊಟ್ಟ. “ಯುದ್ಧದಲ್ಲಿ ಅವನು ಯಾವ ಗುಡ್ಡದಲ್ಲಿದ್ದ?”

ಅವಳು ಹೇಳಿದಳು. ಅವನು ಲಾರಿಯ ಮೆಟ್ಟಿಲ ಮೇಲೆ ಕೂತ.

“ಆ ಗುಡ್ಡಕ್ಕೆ ಟಪಾಲು ಒಯ್ತಿದ್ದವನು ನಾನೊಬ್ಬನೇ. ಇಂಥದ್ದೇ ಲಾರಿ. ಮೇ ಇಪ್ಪತ್ತಕ್ಕೆ ಜೌಗಿನಲ್ಲಿ ಹೂತುಹೋಯ್ತು. ಆಮೇಲೆ ಬಂದ ಚೀಲಗಳೂ ಅದರಲ್ಲೇ ಬಿದ್ದಿದ್ವು. ಜೂನಲ್ಲಿ ಅಲ್ಲಿಗೂ ಶೆಲ್ ಬೀಳೋಕೆ ಶುರುವಾದಾಗ ಬಿಟ್ಟು ಓಡಿದೆ. ತಿರುಗಿ ನೋಡಿದ್ರೆ ಉರೀತಿತ್ತು. ಮೇ ಇಪ್ಪತ್ತರ ಮೇಲೆ ಆ ಗುಡ್ಡಕ್ಕೆ ಒಂದು ಕಾಗದವೂ ಹೋಗಲಿಲ್ಲ.” ಅವನು ಅಂಗೈ ನೋಡಿಕೊಂಡ. “ಎಷ್ಟು ತಾಯಂದಿರ ಕಾಗದ ಇತ್ತೋ. ಕಣ್ಣು ಮುಚ್ಚಿದ್ರೆ ಅದರ ಬೂದಿ ಹಾರುತ್ತೆ.”

“ಹಾಗಾದ್ರೆ ಅವನು…”

“ನೀವು ಕಾಯ್ತಿದ್ದೀರಿ ಅಂದ್ಕೊಂಡೇ ಹೋದ.”

ನೆಲಿದಾ ಮುಖ ಮುಚ್ಚಿಕೊಂಡು ಅತ್ತಳು. ಭುಜ ಕುಲುಕುವಷ್ಟು ಅತ್ತಳು. ಅವಳು ಕಣ್ಣೊರೆಸಿಕೊಂಡಾಗ ಹಿಂಬದಿಯ ಹಲಗೆಯ ಬಳಿ ಬರೀ ಬಿಸಿಲಿತ್ತು.

“ಆ ಬೆಂಕಿಗಾಗಿ ದಿನಾ ಕ್ಷಮೆ ಕೇಳ್ತೀನಿ,” ಎಂದ ಫೆರ್ಮಿನ್. “ಇನ್ಮೇಲೂ ಕೇಳ್ತೀನಿ. ನಿಮ್ಮದೊಂದು ಕಾಗದಕ್ಕಾಗಿ ಮಾತ್ರ ಕೇಳಲ್ಲ.”

ಅವಳು ಅವನ ಗ್ರೀಸು ಮೆತ್ತಿದ ಕೈಯನ್ನು ಹಿಡಿದುಕೊಂಡಳು. ಅವನು ಒರೆಸಿಕೊಳ್ಳಲು ಎಳೆದರೂ ಬಿಡಲಿಲ್ಲ.

“ಅವನ ತಾಯಿಗೆ ನಿಜ ಹೇಳ್ಬೇಕು. ಇವತ್ತೇ. ಇನ್ನು ಸೊಸೆ ಅಂತ ಅವರ ಅನ್ನ ತಿನ್ನೋಕಾಗಲ್ಲ. ಬಾಗಿಲು ಹಾಕಿಕೊಂಡ್ರೆ ಹಾಕಿಕೊಳ್ಳಲಿ. ಜೊತೆಗೆ ಬರ್ತೀಯಾ?”

‘ನೀವು’ ‘ನೀನು’ ಆದದ್ದನ್ನು ಅವನು ಗಮನಿಸಿದ. ಕಿವಿ ಮತ್ತೆ ಕೆಂಪಾಯಿತು.

“ಲಾರೀಲಾ, ನಡ್ಕೊಂಡಾ?”

“ನಡ್ಕೊಂಡೇ,” ಎಂದಳು ನೆಲಿದಾ. “ದಾರಿ ಸ್ವಲ್ಪ ಉದ್ದವಾಗಲಿ.”