ಊತ ಇಳಿದ ಮೇಲೆ

"ಅಯ್ಯೋ, ನಗಿಸ್ಬೇಡಿ! ಹೊಲಿಗೆ ಎಳೆಯುತ್ತೆ!"

ಚೆಂದ ಕಾಣಲೆಂದು ದವಡೆಗೆ ಆಪರೇಷನ್ ಮಾಡಿಸಿಕೊಂಡು, ಬಿಗಿಪಟ್ಟಿ ಕಟ್ಟಿಕೊಂಡು ಕ್ಲಿನಿಕ್ಕಿನಲ್ಲಿ ಕೂತಿದ್ದ ಬಸ್ ಕಂಡಕ್ಟರ್ ಹುಡುಗಿ ಪಕ್ಕದವನನ್ನು ದುರುಗುಟ್ಟಿ ನೋಡಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಕೆನ್ನೆಯ ಹಳೇ ಗಾಯದ ಕಲೆ ತೆಗೆಸಿಕೊಂಡಿದ್ದ; ಅರ್ಧ ಮುಖ ಬ್ಯಾಂಡೇಜಿನೊಳಗಿತ್ತು.

"ನಾನೇನಂದೆ? ಇಬ್ರೂ ಒಂದೇ ಒಲೆಯಲ್ಲಿ ಉಬ್ಬಿದ ಬನ್ನಿನ ಹಾಗಿದ್ದೀವಿ ಅಂದೆ, ಅಷ್ಟೆ!"

ಎಂಥಾ ಬಾಯಿ ಇವನದು! ಆದರೂ... "ಇದ್ದ ಮುಖಾನೂ ಕೆಡಿಸ್ಕೊಂಡ್ಯಲ್ಲೇ" ಎಂದು ಅಮ್ಮನೇ ಮುಖ ತಿರುಗಿಸಿದ್ದಾಗ, ಅವಳನ್ನು ನೇರವಾಗಿ ನೋಡಿ ಮಾತಾಡಿಸಿದವನು ಇವನೊಬ್ಬನೇ.

ಒಳಗೆ, ಊತ ಇಳಿಸುವ ಮಸಾಜಿನ ಅಕ್ಕ ಅವಳ ಕತ್ತಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ, ಉಜ್ಜಲಿಲ್ಲ. ಹೂವಿನ ಮೇಲಿನ ಧೂಳು ಒರೆಸುವ ಹಾಗೆ ಚರ್ಮವನ್ನು ಮೆಲ್ಲಗೆ ಸರಿಸಿ ಬಿಟ್ಟಳು, ಮತ್ತೆ ಸರಿಸಿದಳು.

"ಇಷ್ಟು ಮೆತ್ತಗಾ?"

"ಚರ್ಮದಡಿ ನೀರು ನಿಂತಿದೆ ಕಣಮ್ಮ. ದಾರಿ ತೋರಿಸಿದ್ರೆ ಸಾಕು, ತಾನೇ ಹರ್ಕೊಂಡು ಹೋಗುತ್ತೆ."

ಕಲ್ಲಿನಂತಿದ್ದ ಕೆನ್ನೆ ಮೆಲ್ಲಮೆಲ್ಲನೆ ಸಡಿಲಾಯಿತು. ಅವಳಿಗೆ ಮೈ ಜುಮ್ಮೆಂದಿತು. ತನ್ನೊಳಗೆ ಇಂಥ ಸದ್ದಿಲ್ಲದ ಹೊಳೆಗಳಿವೆಯೇ!

ದಿನ ಕಳೆದಂತೆ ಅವನ ಹರಟೆಗಾಗಿಯೇ ಬೇಗ ಬಂದು ಕೂರತೊಡಗಿದಳು. ಅಷ್ಟರಲ್ಲಿ ಅವನಿಗೆ ದೂರದ ಕಟ್ಟಡವೊಂದರ ಕೆಲಸ ಬಿತ್ತು. ಅವನಿಲ್ಲದಾಗಲೇ ಅವಳ ಊತ ಇಳಿಯಿತು, ಪಟ್ಟಿಯನ್ನೂ ಬಿಚ್ಚಿದರು. ಆದರೂ ಅವಳು ಕ್ಲಿನಿಕ್ಕಿಗೆ ಬರುವುದು ಬಿಡಲಿಲ್ಲ.

ಕೊನೆಗೊಂದು ದಿನ ಅವನು ಬಂದ, ಬ್ಯಾಂಡೇಜಿಲ್ಲದೆ! ನಡಿಗೆಯಲ್ಲೇ ಗುರುತು ಹಿಡಿದಳು. ಅವನು ಒಮ್ಮೆ ನೋಡಿದ... ಗುರುತಿಲ್ಲದವರ ಪಕ್ಕ ಹಾದುಹೋಗುವಂತೆ ಹೋಗಿಯೇ ಬಿಟ್ಟ!

ಇಷ್ಟೇನಾ? ಆ ಮಾತೆಲ್ಲ ಬರೀ ಹೊತ್ತು ಕಳೆಯೋಕಾ?

ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದಳು. ಹಿಂದೆ ಅವನು ಮಸಾಜಿನ ಅಕ್ಕನನ್ನು ಕೇಳುತ್ತಿದ್ದ.

"ಅಕ್ಕಾ, ಅವರು ಬರೋದು ನಿಲ್ಲಿಸ್ಬಿಟ್ರಾ?"

"ಯಾರಪ್ಪಾ?"

"ಅದೇ... ಮುಖ ಊದಿರೋ ಕಂಡಕ್ಟರು. ಯಾವ ರೂಟು ಅಂತಾನೂ ಕೇಳ್ಕೊಂಡಿರ್ಲಿಲ್ಲ ದಡ್ಡ ನಾನು. ಊರಿಗೆ ವಾಪಸ್ ಬಂದಾಗಿಂದ ಕಂಡಕಂಡ ಬಸ್ಸೆಲ್ಲ ಹತ್ತಿ ಇಳಿದೆ. ಅಂಥ ಮುಖ ಎಲ್ಲೂ ಇಲ್ಲ!"

ಅವಳು ನಿಂತಲ್ಲೇ ನಿಂತಳು. ಕನ್ನಡಿಗೂ ತೋರಿಸಲು ಅಂಜಿದ್ದ ಆ ಮುಖವನ್ನು... ಒಬ್ಬ ಊರೆಲ್ಲ ಹುಡುಕಿದ್ದಾನೆ!

"ರೀ..." ಅವಳು ತಿರುಗಿ ಕರೆದಳು. "ಊತ ಇಳಿದುಹೋಯ್ತು. ಪರವಾಗಿಲ್ವಾ?"

ಅವನು ಗಕ್ಕನೆ ತಿರುಗಿದ.

"ನೀವಾ?"

"ನಾನೇ."

"ಸ್ವಲ್ಪ ಹೊತ್ತು ನೋಡ್ಲಾ? ಈ ಮುಖಾನೂ ಅಭ್ಯಾಸ ಆಗ್ಬೇಕಲ್ಲ..."

"ಎಷ್ಟು ಹೊತ್ತು?"

"ಇಬ್ರಿಗೂ ಸುಕ್ಕು ಬೀಳೋ ತನಕ. ಪುರುಸೊತ್ತಿದ್ಯಾ?"

ಅವಳು ಚೀಲ ಕೆಳಗಿಟ್ಟಳು.

"ಇದೆ."